ಕತ್ತರಿ ಇಲ್ಲದ ಕಟ್: ವಿಡಿಯೋ ಟೇಪು ಕಂಪ್ಯೂಟರ್ ಹೊಕ್ಕ ಕಥೆ

"ಆ ಸೀನ್ ಕಟ್ ಮಾಡು" ಅಂತ ನಾವೆಲ್ಲ ಎಷ್ಟು ಸಲೀಸಾಗಿ ಹೇಳ್ತೀವಿ ನೋಡಿ. ಮೌಸಿನಲ್ಲಿ ಒಂದು ಕ್ಲಿಕ್, ಬೇಡದ ಭಾಗ ಮಾಯ. ಮತ್ತೆ ಬೇಕು ಅನ್ನಿಸಿದರೆ ಅನ್‌ಡೂ ಒತ್ತಿ, ತಕ್ಷಣ ಪ್ರತ್ಯಕ್ಷ. ಆದರೆ ವಿಡಿಯೋ ಟೇಪಿನ ಮೊದಲ ದಿನಗಳಲ್ಲಿ ಕಟ್ ಅಂದರೆ ನಿಜವಾಗಿಯೂ ಬ್ಲೇಡಿನಲ್ಲಿ ಕೊಯ್ಯುವುದೇ ಆಗಿತ್ತು. ಆ ಬ್ಲೇಡಿನಿಂದ ಮನೆಯ ಕಂಪ್ಯೂಟರಿನವರೆಗೆ ಬಂದ ದಾರಿ ಸ್ವಾರಸ್ಯವಾಗಿದೆ. ಅಟ್ಟದ ಮೇಲೆ ಇನ್ನೂ ಹಳೆಯ ಕ್ಯಾಸೆಟ್ಟು ಇಟ್ಟುಕೊಂಡವರಿಗಂತೂ ಇದು ಬರೀ ಇತಿಹಾಸ ಅಲ್ಲ.

ಕಥೆ ಶುರುವಾಗುವುದು 1956ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ತನ್ನ ವಿಡಿಯೋ ಟೇಪ್ ರೆಕಾರ್ಡರನ್ನು ಶಿಕಾಗೋದಲ್ಲಿ ತೋರಿಸಿತು. ಟೇಪಿನ ಅಗಲವೇ ಎರಡು ಇಂಚು. ಸಿನಿಮಾ ರೀಲನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ, ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗುತ್ತದೆ. ವಿಡಿಯೋ ಟೇಪಿನಲ್ಲಿ ಏನು ಕಾಣುತ್ತದೆ? ಬರೀ ಕಂದು ಪಟ್ಟಿ. ಹಾಗಾಗಿ ಎಡಿಟರುಗಳು ಕಬ್ಬಿಣದ ನುಣ್ಣನೆ ಪುಡಿ ಬೆರೆಸಿದ ದ್ರವವನ್ನು ಟೇಪಿನ ಮೇಲೆ ಸವರುತ್ತಿದ್ದರು. ಅಯಸ್ಕಾಂತದ ಗೆರೆಗಳು ಸಣ್ಣಗೆ ಮೂಡುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿ, ಸರಿಯಾದ ಎರಡು ಗೆರೆಗಳ ನಡುವೆ ಬ್ಲೇಡು ಇಳಿಸಿ, ಎರಡು ತುದಿಗಳನ್ನು ಅಂಟಿಸಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಆ ಜಾಗದಲ್ಲಿ ಟಿವಿಯ ಚಿತ್ರ ಉರುಳಿ ಬೀಳುತ್ತಿತ್ತು. ಸಾಲದ್ದಕ್ಕೆ ಚಿತ್ರಕ್ಕೆ ಸೇರಿದ ಧ್ವನಿ ಟೇಪಿನ ಅದೇ ಜಾಗದಲ್ಲಿ ಇರುತ್ತಿರಲಿಲ್ಲ, ಸ್ವಲ್ಪ ದೂರದಲ್ಲಿರುತ್ತಿತ್ತು. ಇಷ್ಟೆಲ್ಲ ಕಷ್ಟದ ನಡುವೆಯೂ 1968ರಲ್ಲಿ ಶುರುವಾದ 'ಲಾಫ್-ಇನ್' ಅನ್ನುವ ಅಮೆರಿಕದ ಹಾಸ್ಯ ಕಾರ್ಯಕ್ರಮವನ್ನು ಹೀಗೆ ನೂರಾರು ಕಡೆ ಕೊಯ್ದು ಅಂಟಿಸಿಯೇ ತಯಾರು ಮಾಡುತ್ತಿದ್ದರು!

ಟೇಪು ದುಬಾರಿ ವಸ್ತು. ಅದಕ್ಕೇ ಒಂದೇ ಟೇಪನ್ನು ಅಳಿಸಿ ಮತ್ತೆ ಬಳಸುವುದು ಮಾಮೂಲಾಗಿತ್ತು. ಬಿಬಿಸಿಯವರು 1960 ಮತ್ತು 70ರ ದಶಕಗಳಲ್ಲಿ ಹೀಗೆ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿಬಿಟ್ಟರು. 'ಡಾಕ್ಟರ್ ಹೂ' ಸರಣಿಯ ಹಲವು ಹಳೆಯ ಕಂತುಗಳು ಇವತ್ತಿಗೂ ಸಿಕ್ಕಿಲ್ಲ. ಯಾರಿಗೂ ದುರುದ್ದೇಶ ಇರಲಿಲ್ಲ. ಇದನ್ನು ಮುಂದೆ ಯಾರು ನೋಡ್ತಾರೆ ಅಂದುಕೊಂಡರು, ಅಷ್ಟೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬ್ಲೇಡಿನ ನಂತರ ಬಂದದ್ದು ನಕಲು ಮಾಡುವ ಪದ್ಧತಿ. 1963ರಲ್ಲಿ ಆಂಪೆಕ್ಸ್‌ನವರೇ ಎಡಿಟೆಕ್ ಅನ್ನುವ ಸಾಧನ ತಂದರು. ಒಂದು ಯಂತ್ರದಲ್ಲಿ ಮೂಲ ಟೇಪು ಓಡಿಸಿ, ಬೇಕಾದ ಭಾಗವನ್ನಷ್ಟೇ ಇನ್ನೊಂದು ಯಂತ್ರದಲ್ಲಿ ನಕಲು ಮಾಡಿಕೊಳ್ಳುವುದು. ಮೂಲಕ್ಕೆ ಪೆಟ್ಟಿಲ್ಲ. ಆದರೆ ಇದರಲ್ಲಿ ಎರಡು ತೊಂದರೆ. ಒಂದು, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಪ್ರತಿ ನಕಲಿಗೂ ಚಿತ್ರ ಮಾಸುತ್ತದೆ. ಇನ್ನೊಂದು, ಇದು ಮಣಿ ಪೋಣಿಸಿದ ಹಾಗೆ. ನಡುವಿನ ಒಂದು ಮಣಿ ಬದಲಾಯಿಸಬೇಕು ಅಂದರೆ ಆಮೇಲಿನದನ್ನೆಲ್ಲ ಬಿಚ್ಚಿ ಮತ್ತೆ ಪೋಣಿಸಬೇಕು.

ನಮ್ಮ ಕಡೆಯ ಮದುವೆ ವಿಡಿಯೋಗಳು ತಯಾರಾಗುತ್ತಿದ್ದದ್ದು ಈ ಪದ್ಧತಿಯಲ್ಲೇ. ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದ್ದು 1976ರಲ್ಲಿ. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ. ಆ ದಶಕದಲ್ಲೇ ವಿಸಿಆರ್ ನಮ್ಮ ಊರುಗಳಿಗೂ ಬಂತು, ಅದರ ಹಿಂದೆಯೇ ವಿಡಿಯೋ ಕ್ಯಾಮೆರಾ ಹೊತ್ತ ಫೋಟೋ ಸ್ಟುಡಿಯೋದವರೂ ಬಂದರು. ಎರಡು ವಿಸಿಆರ್, ನಡುವೆ ಒಂದು ಮಿಕ್ಸರ್. ಹೃದಯದ ಆಕಾರದೊಳಗೆ ವಧೂವರರು, ಅರಳುವ ಗುಲಾಬಿಯೊಳಗೆ ಧಾರೆ, ಹಿನ್ನೆಲೆಗೆ ಸಿನಿಮಾ ಹಾಡು. ನಕ್ಕುಬಿಡಬೇಡಿ, ಇಷ್ಟನ್ನು ಮಾಡೋಕೂ ಕೈಚಳಕ ಬೇಕಿತ್ತು :)

ಇನ್ನು ಕಂಪ್ಯೂಟರಿನ ವಿಷಯ. ಟೇಪಿನ ಬದಲು ಡಿಸ್ಕಿನಲ್ಲಿ ಚಿತ್ರ ಇದ್ದರೆ ಯಾವ ಭಾಗಕ್ಕೆ ಬೇಕಾದರೂ ನೆಗೆಯಬಹುದು. 1971ರ ಸಿಎಮ್‌ಎಕ್ಸ್ 600 ಈ ಆಲೋಚನೆಯ ಮೊದಲ ಯಂತ್ರ. ಸಿಬಿಎಸ್ ಮತ್ತು ಮೆಮೊರೆಕ್ಸ್ ಸೇರಿ ಮಾಡಿದ್ದು. ಅದರ ಡಿಸ್ಕ್ ಡ್ರೈವುಗಳು ಬಟ್ಟೆ ಒಗೆಯುವ ಮೆಷಿನ್ನಿನಷ್ಟು ದೊಡ್ಡವು, ಚಿತ್ರ ಕಪ್ಪು ಬಿಳುಪು, ಬೆಲೆ ಲಕ್ಷಗಟ್ಟಲೆ ಡಾಲರ್. 1989ರಲ್ಲಿ ಆವಿಡ್ ಕಂಪನಿಯ ಯಂತ್ರ ಬಂತು, 1991ರಲ್ಲಿ ಅಡೋಬಿ ಪ್ರೀಮಿಯರ್ ಬಂತು. ಆದರೆ ಆಗಿನ ಸಾಮಾನ್ಯ ಕಂಪ್ಯೂಟರಿನಲ್ಲಿ ವಿಡಿಯೋ ಕಾಣುತ್ತಿದ್ದದ್ದು ಅಂಚೆ ಚೀಟಿಯಷ್ಟೇ.

ಯಾಕೆ ಅಷ್ಟು ಕಷ್ಟ? ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಪಾಲ್ ಪದ್ಧತಿಯ ಒಂದು ಫ್ರೇಮಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಚುಕ್ಕೆಗೆ 2 ಬೈಟ್, ಸೆಕೆಂಡಿಗೆ 25 ಫ್ರೇಮ್. ಗುಣಿಸಿದರೆ ಸೆಕೆಂಡಿಗೆ ಸುಮಾರು 20 ಎಂಬಿ, ಗಂಟೆಗೆ ಸುಮಾರು 75 ಜಿಬಿ! 1995ರಲ್ಲಿ ಬಂದ ಡಿವಿ ಇದನ್ನು ಗಂಟೆಗೆ 13 ಜಿಬಿಗೆ ಇಳಿಸಿತು. ಫೈರ್‌ವೈರ್ ಅನ್ನುವ ಒಂದೇ ಕೇಬಲ್ಲಿನಲ್ಲಿ ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ಇಳಿಯತೊಡಗಿತು. 1999ರಲ್ಲಿ ಆಪಲ್ ತನ್ನ ಐಮ್ಯಾಕ್ ಡಿವಿ ಜೊತೆಗೆ ಐಮೂವಿ ಕೊಟ್ಟಿತು. ತಮಾಷೆ ಏನು ಗೊತ್ತಾ? ಆ ಕಂಪ್ಯೂಟರಿನ ಡಿಸ್ಕ್ ಇದ್ದದ್ದೇ 10 ಜಿಬಿ. ಒಂದು ಗಂಟೆಯ ಟೇಪು ಪೂರ್ತಿ ಹಿಡಿಸುತ್ತಿರಲಿಲ್ಲ! 2000ದಲ್ಲಿ ವಿಂಡೋಸ್ ಮಿ ಜೊತೆ ಮೂವಿ ಮೇಕರ್ ಬಂತು. ಉಚಿತವಾಗಿ ಸಿಗುವ ವರ್ಚುವಲ್‌ಡಬ್ ಕೂಡ ಅದೇ ಹೊತ್ತಿನದು.

ಹಳೆಯ ವಿಎಚ್‌ಎಸ್ ಇದ್ದವರ ಪಾಡು ಬೇರೆ. ವಿಸಿಆರ್‌ನಿಂದ ಬರುವುದು ಅನಲಾಗ್ ಸಂಕೇತ, ಅದನ್ನು ಕ್ಯಾಪ್ಚರ್ ಕಾರ್ಡ್ ಅಂಕಿಗಳಾಗಿ ಬದಲಾಯಿಸಬೇಕು. ಚಿತ್ರಕ್ಕೆ ಕ್ಯಾಪ್ಚರ್ ಕಾರ್ಡಿನ ಗಡಿಯಾರ, ಧ್ವನಿಗೆ ಸೌಂಡ್ ಕಾರ್ಡಿನ ಗಡಿಯಾರ. ಎರಡೂ ಒಂದೇ ಸಮ ಓಡದಿದ್ದರೆ ಗಂಟೆ ಕಳೆಯುವಷ್ಟರಲ್ಲಿ ಪುರೋಹಿತರ ತುಟಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ. ಯಾರಾದರೂ ಜೋರಾಗಿ ಓಡಾಡಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು. ಇದು ಟೇಪಿನ ದೋಷವಲ್ಲ. ಟಿವಿಗಾಗಿ ಒಂದು ಫ್ರೇಮನ್ನು ಎರಡು ಅರ್ಧವಾಗಿ, ಸೆಕೆಂಡಿನ ಐವತ್ತನೇ ಒಂದು ಭಾಗದ ಅಂತರದಲ್ಲಿ ಹಿಡಿದದ್ದರ ಗುರುತು. ಪರದೆಯ ಕೆಳಗಿನ ಹರಕು ಗೆರೆಯೂ ಅಷ್ಟೆ, ಟೇಪಿನಲ್ಲಿ ಮೊದಲಿನಿಂದಲೂ ಇತ್ತು. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು.

ಈ ಎಲ್ಲ ಗೋಳಿನ ನಡುವೆ ಒಂದು ದೊಡ್ಡ ಬದಲಾವಣೆ ಸದ್ದಿಲ್ಲದೆ ಆಗಿತ್ತು. ಎಡಿಟಿಂಗ್ ತಂತ್ರಾಂಶ ಕಟ್ ಮಾಡುವಾಗ ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಎಲ್ಲಿಂದ ಎಲ್ಲಿವರೆಗೆ ತೋರಿಸಬೇಕು ಅನ್ನುವ ಪಟ್ಟಿಯನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಬ್ಲೇಡು ಮೂಲವನ್ನೇ ಕೊಯ್ಯುತ್ತಿತ್ತು, ನಕಲು ಮಾಡಿದರೆ ಚಿತ್ರ ಮಾಸುತ್ತಿತ್ತು. ಮೊದಲ ಸಲ ನಮ್ಮಂಥವರ ಕೈಗೂ ಏನನ್ನೂ ಹಾಳುಮಾಡದ ಕತ್ತರಿ ಸಿಕ್ಕಿತ್ತು.

ಆದರೆ ನಾವೇನು ಮಾಡಿದೆವು? ಕ್ಯಾಸೆಟ್ಟುಗಳನ್ನು ವಿಸಿಡಿ ಮಾಡಿಸಿ ಮೂಲವನ್ನು ಗುಜರಿಗೆ ಹಾಕಿದೆವು, ಇಲ್ಲವೇ ಅದರ ಮೇಲೆ ಸಿನಿಮಾ ತುಂಬಿಸಿಕೊಂಡೆವು. ವಿಸಿಡಿಯ ಅಳತೆ 352 ಮತ್ತು 288 ಚುಕ್ಕೆ. ಅಂದರೆ 576 ಗೆರೆಗಳಲ್ಲಿ ಅರ್ಧ ಅಲ್ಲೇ ಹೋಯಿತು. ಇದನ್ನು ಮುಂದೆ ಯಾರು ನೋಡ್ತಾರೆ... ಬಿಬಿಸಿಯವರು ಅಂದುಕೊಂಡದ್ದೇ ತಾನೆ?

ನಮ್ಮ ಮನೆಯ ಗೃಹಪ್ರವೇಶದ ಎರಡು ಕ್ಯಾಸೆಟ್ಟುಗಳಿವೆ. ಒಂದು ಸ್ಟುಡಿಯೋದವರು ಎಡಿಟ್ ಮಾಡಿಕೊಟ್ಟದ್ದು. ಇನ್ನೊಂದು, ಅಪ್ಪ ಹಟಹಿಡಿದು ಹೆಚ್ಚಿಗೆ ದುಡ್ಡು ಕೊಟ್ಟು ತಂದ ಮೂಲ ಕ್ಯಾಸೆಟ್ಟು. ಮೊದಲನೆಯದರಲ್ಲಿ ಹಿತ್ತಲ ಒಲೆ ನಾಲ್ಕು ಸೆಕೆಂಡು ಮಿಂಚಿ ಮಾಯವಾಗುತ್ತದೆ, ಮೇಲೆ ಹಾಡು. ಮೂಲದಲ್ಲಿ ಅದೇ ದೃಶ್ಯ ಒಂದು ನಿಮಿಷಕ್ಕೂ ಹೆಚ್ಚು ಇದೆ. ಹೂರಣ ತಿರುವುತ್ತ ಕೂತ ಅಜ್ಜಿ ಕ್ಯಾಮೆರಾದ ಹುಡುಗನಿಗೆ ಹೇಳುತ್ತಾರೆ: "ನನ್ನನ್ನೇನು ತೆಗೀತೀಯೋ ಮಗಾ, ಅಲ್ಲಿ ಹೋಮ ತೆಗಿ ಹೋಗು." ಅಜ್ಜಿಯ ದನಿ ನಮ್ಮಲ್ಲಿ ಉಳಿದಿರುವುದು ಅಲ್ಲಿ ಮಾತ್ರ. ಸ್ಟುಡಿಯೋದವರದ್ದು ತಪ್ಪು ಅಂತ ನಾನು ಹೇಳಲಾರೆ. ಆ ದಿನ ಎಲ್ಲರಿಗೂ ಬೇಕಿದ್ದದ್ದು ಹೋಮವೇ. ಯಾವುದು ಬೇಡದ ಭಾಗ ಅನ್ನುವುದು ಮೂವತ್ತು ವರ್ಷಕ್ಕೆ ಬದಲಾಗಿಬಿಡುತ್ತದೆ. ಕಟ್ ಮಾಡುವವರಿಗೆ ಅದು ಆಗಲೇ ಹೇಗೆ ಗೊತ್ತಾಗಬೇಕು ಹೇಳಿ?

ಈಗ ಸಮಯ ಹೆಚ್ಚಿಲ್ಲ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ ಎಚ್ಚರಿಸಿತ್ತು, 2025ರೊಳಗೆ ಡಿಜಿಟಲ್ ಮಾಡದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ ಅಂತ. ಆ ಗಡುವೂ ಮುಗಿಯಿತು. ಟೇಪಿಗೆ ಬೂಸ್ಟು ಹಿಡಿಯುತ್ತಿದೆ, ಓಡಿಸುವ ಯಂತ್ರ ಕೆಡುತ್ತಿದೆ, ರಿಪೇರಿ ಮಾಡುವವರು ಕಡಿಮೆಯಾಗುತ್ತಿದ್ದಾರೆ.

ಒಳ್ಳೆಯ ಸುದ್ದಿ ಅಂದರೆ ಆಗ ಹೆದರಿಸುತ್ತಿದ್ದ 75 ಜಿಬಿ ಇವತ್ತು ಲೆಕ್ಕಕ್ಕೇ ಇಲ್ಲ. ಎಫ್‌ಎಫ್‌ವಿ1 ಥರದ, ಏನೂ ಕಳೆದುಕೊಳ್ಳದೆ ಕುಗ್ಗಿಸುವ ವಿಧಾನ ಬಳಸಿದರೆ ಜಾಗ ಇನ್ನೂ ಕಡಿಮೆ ಸಾಕು. ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮೊದಲು ಬೂಸ್ಟು ಇದೆಯಾ ನೋಡಿ, ಇದ್ದರೆ ಯಂತ್ರಕ್ಕೆ ಹಾಕಬೇಡಿ, ತಿಳಿದವರಿಂದ ಶುಚಿ ಮಾಡಿಸಿ. ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ, ಖಾಲಿ ಅನ್ನಿಸುವ ಭಾಗವನ್ನೂ ಬಿಡದೆ ಇಳಿಸಿಕೊಳ್ಳಿ. ಆ ಫೈಲಿನ ಎರಡು ಪ್ರತಿಗಳನ್ನು ಎರಡು ಬೇರೆ ಕಡೆ ಇಡಿ. ಆಮೇಲೆ ಎಷ್ಟು ಬೇಕಾದರೂ ಕಟ್ ಮಾಡಿ, ಹಾಡು ಹಾಕಿ, ಗುಲಾಬಿ ಅರಳಿಸಿ. ಮೂಲ ಟೇಪನ್ನು ಮಾತ್ರ ಎಸೆಯಬೇಡಿ. ವಿಎಚ್‌ಎಸ್-ಡಿಕೋಡ್ ಅಂತ ಒಂದು ಮುಕ್ತ ತಂತ್ರಾಂಶವಿದೆ, ಟೇಪಿನ ಹೆಡ್ಡಿನಿಂದ ಬರುವ ಸಂಕೇತವನ್ನೇ ನೇರವಾಗಿ ಹಿಡಿದು ಚಿತ್ರ ಬಿಡಿಸುತ್ತದೆ. ಇವತ್ತು ಮಂಕಾಗಿ ಕಂಡದ್ದು ನಾಳೆ ಇನ್ನೂ ಚೆನ್ನಾಗಿ ಕಾಣಬಹುದು.

ನಿಮ್ಮ ಮನೆಯ ಕ್ಯಾಸೆಟ್ಟುಗಳು ಯಾವ ಸ್ಥಿತಿಯಲ್ಲಿವೆ? ಈ ಭಾನುವಾರ ಒಮ್ಮೆ ಅಟ್ಟ ಹತ್ತಿ ನೋಡಿ, ಸಿಕ್ಕಿದ್ದನ್ನು ನಮಗೂ ಹೇಳಿ.