ಶ್ರೀ ಭೈರಪ್ಪನವರೂ ನಮ್ಮ ಸೀಮೆಯ ಚರಿತ್ರೆಯೂ

ನಮ್ಮ ಹಾಸನ ಸೀಮೆಗೆ ಚರಿತ್ರೆಯ ದಾರಿದ್ರ್ಯವಿಲ್ಲ. ದುದ್ದದಿಂದ ಯಾವ ದಿಕ್ಕಿಗೆ ಹೊರಟರೂ ಗುಡಿಯೋ ಕಲ್ಬರಹವೋ ಕಣ್ಣಿಗೆ ಬೀಳುವುದು. ರೈಸ್ ಸಾಹೇಬರು 1902ರಲ್ಲಿಯೇ ಈ ಜಿಲ್ಲೆಯ ಶಾಸನಗಳನ್ನು ಅಚ್ಚು ಮಾಡಿಸಿದರು. ಆದರೆ ಆ ಶಾಸನಗಳು ನುಡಿಯತಕ್ಕದ್ದು ಯಾರ ಮಾತನ್ನು? ದಾನವಿತ್ತ ಅರಸರದು, ದಂಡನಾಯಕರದು, ಕಾದಿ ಮಡಿದ ವೀರರದು. 1898ರಲ್ಲಿ ಮೈಸೂರು ಸೀಮೆಯನ್ನು ಹೊಕ್ಕ ಪ್ಲೇಗು ದಶಕಗಳ ಕಾಲ ಮರಳಿ ಮರಳಿ ಬಂದಿತಷ್ಟೆ. ಊರು ಬಿಟ್ಟು ಬಯಲಿನ ಗುಡಿಸಲಿನಲ್ಲಿ ಕಣ್ಮುಚ್ಚಿದ ಹೆಂಗಸಿಗೆ ಕಲ್ಲು ನಿಲ್ಲಿಸಿದವರಾರು?

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಜನಿಸಿ, 2025ರ ಸೆಪ್ಟೆಂಬರಿನಲ್ಲಿ ಕೀರ್ತಿಶೇಷರಾದ ಎಸ್. ಎಲ್. ಭೈರಪ್ಪನವರೆಂದು ನಾನು ಉತ್ತರ ಕೊಡುವೆನು.

ಅವರು ತತ್ತ್ವಶಾಸ್ತ್ರದ ಅಧ್ಯಾಪಕರು. ‘ದಾಟು’ವಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ, ‘ಮಂದ್ರ’ಕ್ಕೆ 2010ರ ಸರಸ್ವತೀ ಸಮ್ಮಾನ, 2023ರಲ್ಲಿ ಪದ್ಮಭೂಷಣ ಸಂದುವು. ಇವನ್ನು ವಾಚಕರು ಬಲ್ಲರು.

ಚರಿತ್ರೆಯ ಕಾದಂಬರಿಯೆಂದೊಡನೆ ಎಲ್ಲರೂ 1998ರ ‘ಸಾರ್ಥ’ವನ್ನು ಹೆಸರಿಸುವರು. ಎಂಟನೆಯ ಶತಮಾನದ ವರ್ತಕರ ಸಾರ್ಥದೊಡನೆ ಹೊರಟ ನಾಗಭಟ್ಟನ ಕಣ್ಣಿನಿಂದ ನಾವು ನಾಲಂದಾವನ್ನೂ ಕುಮಾರಿಲ, ಮಂಡನ, ಶಂಕರರನ್ನೂ ಕಾಣುವೆವು. ಪಾಠಶಾಲೆಯಲ್ಲಿ ವಾರ್ತಿಕಗಳ ಮೂಲಕ ಮಾತ್ರ ಪರಿಚಿತರಾಗಿದ್ದ ಮಹನೀಯರು ಉಂಡು ನಡೆದಾಡುವುದನ್ನು ನೋಡಿ ನನ್ನಂಥವನಿಗಾದ ಸಂತೋಷ ಅಲ್ಪವಲ್ಲ. ಆದರೂ ಅಲ್ಲಿ ವಾದವು ಪ್ರಬಲವಾಗಿ, ಹೇರೆತ್ತುಗಳ ಧೂಳು ಕ್ರಮೇಣ ಮರೆಯಾಗುವುದು.

‘ಗೃಹಭಂಗ’ದಲ್ಲಿ ಹಾಗಲ್ಲ. 1970ರಲ್ಲಿ ಹೊರಬಂದ ಈ ಗ್ರಂಥವು ಚರಿತ್ರೆಯೆಂದು ಹೇಳಿಕೊಳ್ಳುವುದಿಲ್ಲ. ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಬಾಲಕನೇ ಬೆಳೆದು ಬರೆದುದಾದರೂ, ಎಲ್ಲಿಯೂ ಗೋಳಾಟವಿಲ್ಲ. ಬರ, ಸಾಲ, ಜಪ್ತಿ, ಅತ್ತೆಯ ಬಾಯಿ, ಗಂಡನ ಹೊಟ್ಟೆಬಾಕತನ ಎಲ್ಲವೂ ಸಾಕ್ಷಿಯ ಹೇಳಿಕೆಯಂತೆ ಒಂದೊಂದಾಗಿ ದಾಖಲಾಗುವುವು. ನಂಜಮ್ಮನು ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರವನ್ನು ನಡೆಸುವಳು. ಮದುವೆಯಾದ ಮಗಳೂ ಓದುತ್ತಿದ್ದ ಮಗನೂ ಪ್ಲೇಗಿಗೆ ತುತ್ತಾಗುವರು. ಕಡೆಗೆ ತಾನೂ ಅದಕ್ಕೇ ಬಲಿಯಾಗುವಳು. ಸರ್ಕಾರದ ಪಟ್ಟಿಯಲ್ಲಿ ಇವು ಮೂರು ಅಂಕಿಗಳು. ಯಾವ ಮನೆಯಿಂದ ಯಾವ ಕ್ರಮದಲ್ಲಿ ಹೋದರು, ಉಳಿದ ಹುಡುಗನು ಯಾರ ಕೈಹಿಡಿದು ಊರು ಬಿಟ್ಟನು ಎಂಬುದನ್ನು ಪಟ್ಟಿಯು ಹೇಳಲಾರದು.

ಇದು ಕಲ್ಪಿತ ಕಥೆ, ಪ್ರಮಾಣವಾಗದೆಂದು ಪಂಡಿತರು ಆಕ್ಷೇಪಿಸಬಹುದು. ತಾರೀಖಿಗೆ ಪ್ರಮಾಣವಾಗದು, ಒಪ್ಪಿದೆ. ಆದರೆ ಶಾನುಭೋಗಿಕೆಯ ಲೆಕ್ಕವನ್ನೇ ನೋಡಿರಿ. ದಫ್ತರದಲ್ಲಿರುವುದು ಗಂಡನಾದ ಚೆನ್ನಿಗರಾಯನ ಹೆಸರು. ಇರುಳು ದೀಪದ ಮುಂದೆ ಕೂತು ಅದನ್ನು ಬರೆದ ಕೈ ನಂಜಮ್ಮನದು.