ಅಳಿವೆಯ ಬಾಯಲ್ಲಿ ಒಂದು ಕಿಡಿ

ಥಾಣೆಯ ಮಾಜಿವಾಡಾ ಈಗ ಬಹುಪಾಲು ಜನರಿಗೆ ಒಂದು ಜಂಕ್ಷನ್‌ನ ಹೆಸರು. ಮುಂಬೈಯಿಂದ ನಾಸಿಕದತ್ತ ಹೊರಟ ಹೆದ್ದಾರಿಯೂ ಘೋಡ್‌ಬಂದರ್ ರಸ್ತೆಯೂ ಅಲ್ಲಿ ಕೂಡುತ್ತವೆ. ಮೇಲ್ಸೇತುವೆಯ ಮೇಲೆ ಹೋಗುವವರಿಗೆ ಹತ್ತಿರದಲ್ಲೇ ನೀರಿದೆ ಎಂಬುದು ನೆನಪಾಗುವುದಿಲ್ಲ. ಬಾಳ್ಕುಂ, ಕೋಲ್‌ಶೇತ್ ಕಡೆಗೆ ಇಳಿದರೆ ಉಲ್ಲಾಸ್ ನದಿ ಸಮುದ್ರದ ಉಬ್ಬರವಿಳಿತಕ್ಕೆ ಸಿಕ್ಕಿ ಖಾಡಿಯಾಗುವ ಜಾಗ ಸಿಗುತ್ತದೆ. 2016ರ ಕಾಯ್ದೆ ಕಲ್ಯಾಣ, ಥಾಣೆ, ಮುಂಬೈಗಳನ್ನು ಜೋಡಿಸುವ ಈ ನೀರನ್ನು 53ನೇ ರಾಷ್ಟ್ರೀಯ ಜಲಮಾರ್ಗ ಎಂದು ಗುರುತಿಸಿತು.

ಈ ಕರಾವಳಿಯ ಕೋಳಿ ಮೀನುಗಾರರ ಯಾಂತ್ರಿಕ ದೋಣಿಗಳಲ್ಲಿ ಹೆಚ್ಚಿನವು ಡೀಸೆಲ್‌ನವು. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಸಿಲಿಂಡರ್‌ನೊಳಗೆ ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಏರುವ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಮ್ಯಾಗ್ನೆಟೊ ಇಲ್ಲ. ಉಪ್ಪುಗಾಳಿಗೆ ಮೊದಲು ಕೆಡುವ ಭಾಗವೇ ಆ ಎಂಜಿನ್‌ನಲ್ಲಿ ಇಲ್ಲ ಎಂದರೂ ನಡೆದೀತು.

ಇದೇ ಅರಬ್ಬಿ ಸಮುದ್ರದ ದಕ್ಷಿಣಕ್ಕೆ, ಉಡುಪಿಯ ಕಡಲಿನಲ್ಲಿ, ಕತೆ ಬೇರೆ. ಎರಡು ತೀರಗಳ ನಡುವೆ ಹಳೆಯ ನಂಟಿದೆ. ಮುಂಬೈಗೆ ವಲಸೆ ಬಂದ ಕರಾವಳಿಯ ಮೊಗವೀರರು ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡದ್ದು 1902ರಲ್ಲಿ. ಅವರ ಊರಿನ ನಾಡದೋಣಿಗಳ ಹಿಂಬದಿಯಲ್ಲಿ ಇಂದು ತೂಗುವುದು ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್. ಅದು ಕಿಡಿಯಿಂದಲೇ ಬದುಕುವ ಯಂತ್ರ.

ಆ ಕಿಡಿಯ ಬೆಲೆ ತಿಳಿಯುವುದು ಮಳೆಗಾಲದಲ್ಲಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯಲು ಅವಕಾಶವಿರುವುದು ಸಾಂಪ್ರದಾಯಿಕ ದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ. ಅಂದರೆ ಕಡಲು ಅತ್ಯಂತ ಒರಟಾಗಿರುವ ಎರಡು ತಿಂಗಳು ಅತ್ಯಂತ ಚಿಕ್ಕ ಎಂಜಿನ್‌ಗಳ ತಿಂಗಳೂ ಹೌದು. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಮರಳದಿಬ್ಬದ ಮೇಲೆ ಅಲೆಗಳು ಒಡೆಯುತ್ತವೆ. ದೋಣಿ ಅಲ್ಲಿ ಮೂತಿಯನ್ನು ಅಲೆಗೆ ನೇರವಾಗಿ ಹಿಡಿದಿರಬೇಕು. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚುತ್ತದೆ.

ದೋಣಿಗೂ ಕಿಡಿಗೂ ಗಂಟುಬಿದ್ದದ್ದು ಮೊದಲ ದಿನದಿಂದಲ್ಲ. 1886ರಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಜರ್ಮನಿಯ ನೆಕ್ಕರ್ ನದಿಯಲ್ಲಿ ಪೆಟ್ರೋಲ್ ದೋಣಿ ಓಡಿಸಿದಾಗ ಅದರಲ್ಲಿದ್ದದ್ದು ಕಿಡಿಯಲ್ಲ, ಕೆಂಪಗೆ ಕಾದ ಒಂದು ಕೊಳವೆ. ಹೊರಗಿನಿಂದ ಜ್ವಾಲೆ ಹಿಡಿದು ಆ ಕೊಳವೆಯನ್ನು ಸದಾ ಕಾಯಿಸಬೇಕಿತ್ತು. ಪೆಟ್ರೋಲ್ ಸಿಡಿದೀತೆಂದು ಗಿರಾಕಿಗಳು ಹೆದರಿದಾಗ ಡೈಮ್ಲರ್ ಎಂಜಿನ್‌ಗೆ ಪಿಂಗಾಣಿಯ ಹೊದಿಕೆ ಹಾಕಿ, ಇದು ಎಣ್ಣೆ ಮತ್ತು ವಿದ್ಯುತ್ತಿನಿಂದ ನಡೆಯುವ ಯಂತ್ರ ಎಂದು ನಂಬಿಸಿದನಂತೆ. ವಿದ್ಯುತ್ತಿನ ಕಿಡಿ ದೋಣಿಗೆ ಬರುವ ಮೊದಲೇ ಅದರ ಹೆಸರು ಬಂದಿತ್ತು.

ನಿಜವಾದ ಕಿಡಿಯನ್ನು ಭರವಸೆಗೆ ತಕ್ಕದ್ದಾಗಿಸಿದ್ದು ಮ್ಯಾಗ್ನೆಟೊ. ರಾಬರ್ಟ್ ಬಾಷ್‌ನ ಕಾರ್ಯಾಗಾರ 1897ರಲ್ಲಿ ಅದನ್ನು ವಾಹನದ ಎಂಜಿನ್‌ಗೆ ಹೊಂದಿಸಿತು. 1902ರಲ್ಲಿ ಅಲ್ಲಿನ ಗಾಟ್‌ಲೋಬ್ ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊವನ್ನು ಸ್ಪಾರ್ಕ್ ಪ್ಲಗ್‌ನ ಜೊತೆ ಸಿದ್ಧಪಡಿಸಿದ. 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ಔಟ್‌ಬೋರ್ಡ್ ಎಂಜಿನ್ ಮಾರಲು ತೊಡಗಿದ. ಬ್ಯಾಟರಿಯ ಹಂಗಿಲ್ಲದ ಮ್ಯಾಗ್ನೆಟೊ ನೀರಿನ ಮೇಲಿನ ಇಂಥ ಎಂಜಿನ್‌ಗೆ ಹೇಳಿ ಮಾಡಿಸಿದಂತಿತ್ತು, ಮುಂದೆ ಅದು ಫ್ಲೈವೀಲ್‌ನ ಹೊಟ್ಟೆಯೊಳಗೇ ಸೇರಿಕೊಂಡಿತು.

ಅದರ ಕೆಲಸ ಸರಳ. ಫ್ಲೈವೀಲ್‌ನ ಒಳಗೆ ಅಯಸ್ಕಾಂತಗಳಿವೆ. ಅವು ಕಾಯಿಲ್‌ನ ಮುಂದೆ ಹಾಯುವಾಗ ದಪ್ಪ ತಂತಿಯ ಸುತ್ತುಗಳಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಗಳಿಗೆಯಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಎಂಬ ಎರಡು ಲೋಹದ ತುದಿಗಳು ಬೇರೆಯಾಗಿ ಆ ಕರೆಂಟನ್ನು ಕಡಿಯುತ್ತವೆ. ಕಾಂತಕ್ಷೇತ್ರ ಹಠಾತ್ತನೆ ಕುಸಿದು, ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತು ಸಾವಿರ ವೋಲ್ಟ್‌ಗೂ ಮೀರಿದ ಒತ್ತಡ ಏಳುತ್ತದೆ. ಅದೇ ಪ್ಲಗ್‌ನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಪಾಯಿಂಟ್‌ಗಳ ನಡುವೆಯೇ ಕಿಡಿ ಹಾರಿ ಅವು ಸುಡದಂತೆ ಕಾಯಲು ಒಂದು ಕಂಡೆನ್ಸರ್ ಇರುತ್ತದೆ.

ಒಂದು ಸಿಲಿಂಡರ್‌ನ ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಸೆಕೆಂಡಿಗೆ 80ಕ್ಕೂ ಹೆಚ್ಚು ಕಿಡಿ ಬೇಕು. ಆ ವೇಗದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೆ ಕ್ರ್ಯಾಂಕ್ 30 ಡಿಗ್ರಿ ತಿರುಗಿಬಿಡುತ್ತದೆ. ಪಾಯಿಂಟ್‌ನ ಗ್ಯಾಪ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನ ಆಸುಪಾಸು. ಅದನ್ನು ಎತ್ತುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಎಂಜಿನ್ ಸೋಲುತ್ತದೆ.

ಈ ಕಾಯಿಲೆಯ ಮದ್ದು ಮಾತ್ರ ಯಾರ ಕೈಗೂ ಎಟುಕುವಂಥದ್ದು: ಫೀಲರ್ ಗೇಜ್, ಸ್ಕ್ರೂಡ್ರೈವರ್, ಪಾಯಿಂಟ್ ಉಜ್ಜಲು ನುಣುಪಾದ ಕಾಗದ. ಕರ್ನಾಟಕಕ್ಕೆ ಈ ವಿದ್ಯೆ ಹೊಸದೂ ಅಲ್ಲ. ಬೆಂಗಳೂರಿನಲ್ಲಿ ಮೈಕೋ ಪ್ಲಗ್ ತಯಾರಾಗುತ್ತಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕ್‌ಗಳು ಹೊರಬರುತ್ತಿದ್ದವು. ಪಾಯಿಂಟ್ ಸೆಟ್ ಮಾಡಲು ಬಾರದವನನ್ನು ಜಾವಾ, ಯೆಜ್ಡಿ ಸವಾರರು ಮೆಕ್ಯಾನಿಕ್ ಎಂದೇ ಕರೆಯುತ್ತಿರಲಿಲ್ಲ.

ಆದರೆ ನಾಡದೋಣಿಗಳಿಗೆ ಔಟ್‌ಬೋರ್ಡ್ ಎಂಜಿನ್ ವ್ಯಾಪಕವಾಗಿ ಬಂದ 1980ರ ದಶಕದ ಹೊತ್ತಿಗೆ ಜಗತ್ತಿನ ತಯಾರಕರು ಪಾಯಿಂಟ್ ಬಿಟ್ಟು ಸಿಡಿಐ ಕಡೆಗೆ ಹೊರಳಿಯಾಗಿತ್ತು. ಇಲ್ಲಿ ಉಜ್ಜುವ ಲೋಹದ ತುದಿಗಳಿಲ್ಲ. ಒಂದು ಕಾಯಿಲ್ ಕೆಪಾಸಿಟರ್‌ಗೆ ನೂರಾರು ವೋಲ್ಟ್ ತುಂಬುತ್ತದೆ. ಇನ್ನೊಂದು ಚಿಕ್ಕ ಕಾಯಿಲ್ ಸಮಯ ನೋಡಿ ಸನ್ನೆ ಕೊಡುತ್ತದೆ. ಥೈರಿಸ್ಟರ್ ಬಾಗಿಲು ತೆರೆದು, ತುಂಬಿದ್ದೆಲ್ಲ ಒಮ್ಮೆಲೇ ಕಿಡಿಯ ಕಾಯಿಲ್‌ಗೆ ನುಗ್ಗುತ್ತದೆ. ವೋಲ್ಟೇಜ್ ಎಷ್ಟು ಬೇಗ ಏರುತ್ತದೆಂದರೆ, ಮಸಿ ಹಿಡಿದ ಪ್ಲಗ್‌ನಲ್ಲೂ ಅದು ಸೋರಿಹೋಗುವ ಮೊದಲು ಕಿಡಿ ಹಾರಿರುತ್ತದೆ.

ಸೀಮೆಎಣ್ಣೆಯ ಎಂಜಿನ್‌ಗೆ ಇದು ದೊಡ್ಡ ವರ. ಸೀಮೆಎಣ್ಣೆ ತಣ್ಣಗಿರುವಾಗ ಸುಲಭವಾಗಿ ಆವಿಯಾಗದು. ಅದಕ್ಕೇ ಎಂಜಿನ್ ಶುರು ಮಾಡುವುದು ಪೆಟ್ರೋಲ್‌ನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾವಣೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲ್‌ಗೆ ತಿರುಗಿಸಬೇಕು, ಇಲ್ಲದಿದ್ದರೆ ಮರುದಿನ ಕಾರ್ಬ್ಯುರೇಟರ್‌ನಲ್ಲಿ ಸೀಮೆಎಣ್ಣೆಯೇ ಕುಳಿತಿರುತ್ತದೆ. ಪೂರ್ತಿ ಉರಿಯದ ಎಣ್ಣೆ ಪ್ಲಗ್‌ನ ತುದಿಗೆ ಕಪ್ಪು ಬಳಿಯುತ್ತದೆ.

ವರದ ಜೊತೆ ಒಂದು ಷರತ್ತೂ ಬಂತು. ಪಾಯಿಂಟ್ ಕೆಡುವಾಗ ಮುನ್ಸೂಚನೆ ಕೊಡುತ್ತಿತ್ತು: ಎಂಜಿನ್ ತಡವರಿಸುತ್ತಿತ್ತು, ಹಗ್ಗ ಎರಡು ಸಲ ಹೆಚ್ಚು ಎಳೆಯಬೇಕಾಗುತ್ತಿತ್ತು. ರಾಳ ತುಂಬಿ ಮುಚ್ಚಿದ ಸಿಡಿಐ ಪೆಟ್ಟಿಗೆ ಎಷ್ಟೋ ಸಲ ಹೇಳದೆ ಕೇಳದೆ ಸಾಯುತ್ತದೆ. ಅದನ್ನು ಬಿಚ್ಚಿ ನೋಡುವಂತಿಲ್ಲ, ಬದಲಾಯಿಸಬೇಕು ಅಷ್ಟೇ. ಕಿಡಿ ಗಟ್ಟಿಯಾಯಿತು, ರಿಪೇರಿ ಮಾತ್ರ ದೋಣಿಯಿಂದ ಇಳಿದು ಬಿಡಿಭಾಗದ ಅಂಗಡಿಗೆ ಹೋಯಿತು.

ಹಳೆಯ ಪಾಯಿಂಟ್ ಎಂಜಿನ್‌ಗಳನ್ನು ಜತನ ಮಾಡುವವರು ಇದೇ ಲೆಕ್ಕ ಹಾಕುತ್ತಾರೆ. ಪಾಯಿಂಟ್‌ನ ಜಾಗಕ್ಕೆ ಹಾಕುವ ಪುಟ್ಟ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಳೆಯ ಕಾಯಿಲ್ ಜೊತೆಗೇ ಕೆಲಸ ಮಾಡುತ್ತದೆ. ಪೂರ್ತಿ ಸಿಡಿಐ ಬೇಕೆಂದರೆ ಪೆಟ್ಟಿಗೆಯೊಂದೇ ಸಾಲದು, ಅದಕ್ಕೆ ಹೊಂದುವ ಫ್ಲೈವೀಲ್, ಚಾರ್ಜ್ ಕಾಯಿಲ್, ಸನ್ನೆಯ ಕಾಯಿಲ್ ಎಲ್ಲ ಬೇಕು. ಯಾವುದಕ್ಕೂ ಮೊದಲು ನೋಡಬೇಕಾದವು ಬೇರೆ ಇವೆ: ಬಿರುಕುಬಿಟ್ಟ ಪ್ಲಗ್ ತಂತಿ, ತುಕ್ಕು ಹಿಡಿದ ಅರ್ತ್, ಫ್ಲೈವೀಲ್‌ನ ಸವೆದ ಕೀಲಿ. ಆ ಕೀಲಿ ಜರುಗಿದ್ದರೆ ಎಷ್ಟು ದುಬಾರಿ ಮಾಡ್ಯೂಲ್ ಹಾಕಿದರೂ ಕಿಡಿ ತಪ್ಪು ಗಳಿಗೆಯಲ್ಲೇ ಬರುತ್ತದೆ. ಹಗ್ಗವನ್ನು ನಿಧಾನ ಎಳೆದರೆ ಕೆಲವು ಮಾಡ್ಯೂಲ್‌ಗಳು ಎಚ್ಚರಗೊಳ್ಳುವುದೂ ಇಲ್ಲ. ಆದ್ದರಿಂದ ಬಲ್ಲವರು ಬಿಚ್ಚಿದ ಪಾಯಿಂಟ್ ಮತ್ತು ಕಂಡೆನ್ಸರನ್ನು ಎಸೆಯುವುದಿಲ್ಲ. ಎಣ್ಣೆ ಸವರಿ, ಡಬ್ಬಿಯಲ್ಲಿಟ್ಟು, ದೋಣಿಯಲ್ಲೇ ಇಟ್ಟುಕೊಳ್ಳುತ್ತಾರೆ.

ನಾಡದೋಣಿಯವರ ಮುಂದೆ ಈಗ ಇನ್ನೊಂದು ಬದಲಾವಣೆಯಿದೆ, ಅದು ಬಂದಿರುವುದು ಇಂಧನದ ಕಡೆಯಿಂದ. ಸಬ್ಸಿಡಿ ಸೀಮೆಎಣ್ಣೆ ಸಾಕಷ್ಟು ಸಿಗದೆ ದೋಣಿಗಳು ದಡದಲ್ಲಿ ಉಳಿದ ವರ್ಷಗಳಾದ ಮೇಲೆ, 2023ರ ರಾಜ್ಯ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಗುವವರಿಗೆ ತಲಾ 50,000 ರೂಪಾಯಿ ಸಹಾಯಧನ ಪ್ರಕಟವಾಯಿತು. ಇನ್ನೂ ಗಟ್ಟಿಯಾಗಿರುವ ಎಂಜಿನ್‌ಗಳು ಎಣ್ಣೆಯಿಲ್ಲದ ಕಾರಣಕ್ಕೇ ಹಳೆಯವಾಗುತ್ತಿವೆ. ಡೀಸೆಲ್ ಆರಿಸಿಕೊಂಡವರು ಮಾಜಿವಾಡಾದ ಪಕ್ಕದ ಖಾಡಿಯ ದೋಣಿಗಳಂತೆ ಕಿಡಿಯ ಚಿಂತೆಯನ್ನೇ ಬಿಡಬಹುದು. ಪೆಟ್ರೋಲ್ ಆರಿಸಿಕೊಂಡವರಿಗೆ ಕಿಡಿ ಉಳಿಯುತ್ತದೆ, ಅದರ ಪೆಟ್ಟಿಗೆ ಇನ್ನಷ್ಟು ಮುಚ್ಚಿಕೊಂಡಿರುತ್ತದೆ.

ಅಳಿವೆಗೆ ಮಾತ್ರ ಈ ವ್ಯತ್ಯಾಸಗಳು ಗೊತ್ತಿಲ್ಲ. ಜುಲೈ ತಿಂಗಳ ಬೆಳಗಿನಲ್ಲಿ ದೋಣಿ ಅಲೆಗೆ ಮುಖಮಾಡಿದಾಗ ಅದು ಕೇಳುವುದು ಎಂಜಿನ್ ನಡೆಯುತ್ತಿದೆಯೇ ಎಂದಷ್ಟೇ. ಹಿಂದಿನ ಸಂಜೆ ಸಿಹಿನೀರಿನಲ್ಲಿ ಎಂಜಿನ್ ತೊಳೆದು, ಪ್ಲಗ್ ಬಿಚ್ಚಿ ಒರೆಸಿ, ಒಂದು ಹೊಸ ಪ್ಲಗ್ ಜೇಬಿನಲ್ಲಿಟ್ಟುಕೊಂಡವನ ದೋಣಿ ಆ ಪ್ರಶ್ನೆಗೆ ಉತ್ತರ ಕೊಡುವ ಸಾಧ್ಯತೆ ಹೆಚ್ಚು.