ಪಿರ್ಯಾದಿ ಯಾರು?

ಪಾರ್ಸಿಯ ‘ಫರ್ಯಾದ್’ ಎಂದರೆ ಕೂಗು, ನ್ಯಾಯಕ್ಕಾಗಿ ಇಡುವ ಮೊರೆ. ಮೊರೆಯಿಡುವವನು ‘ಫರ್ಯಾದಿ’. ಮರಾಠಿಯಲ್ಲಿ ಇವು ಫಿರ್ಯಾದ್, ಫಿರ್ಯಾದಿ. ಕನ್ನಡದ ಕಚೇರಿಗಳಲ್ಲಿ ಫಿರ್ಯಾದು, ಪಿರ್ಯಾದು ಎರಡೂ ನಡೆಯುತ್ತವೆ.

ತೊಡಕಿರುವುದು ಪದದ ಬಾಲದಲ್ಲಿ. ಪಿರ್ಯಾದು ದೂರು, ಪಿರ್ಯಾದಿ ಅದನ್ನು ಕೊಟ್ಟವನು. ಕೊನೆಯ ‘ಇ’ಕಾರವೇ ವ್ಯಕ್ತಿಯನ್ನು ಹೇಳುತ್ತದೆ. ಕನ್ನಡದ ಕಿವಿ ಅದನ್ನು ಗಮನಿಸಲಿಲ್ಲ. ‘ಪಿರ್ಯಾದಿ ಕೊಟ್ಟ’ ಎಂಬ ಮಾತು ರೂಢಿಗೆ ಬಂದು, ಪಿರ್ಯಾದಿ ಎಂಬುದು ಕಾಗದದ ಹೆಸರಾಯಿತು. ಕೊಟ್ಟವನಿಗೆ ಇನ್ನೊಂದು ಬಾಲ ಬೇಕಾಯಿತು. ‘ಪಿರ್ಯಾದಿದಾರರು ಠಾಣೆಗೆ ಹಾಜರಾಗಿ ನೀಡಿದ ದೂರಿನ ಸಾರಾಂಶವೇನೆಂದರೆ’ ಎಂಬುದು ಎಫ್‌ಐಆರ್‌ಗಳ ಪರಿಚಿತ ಪಲ್ಲವಿ. ಗೇಟುಬಾಗಿಲನ್ನು ಒಪ್ಪಿಕೊಂಡ ಭಾಷೆಗೆ ಪಿರ್ಯಾದಿದಾರ ಭಾರವೇನಲ್ಲ.

ಕಾನೂನಿನ ಲೆಕ್ಕವೇ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ‘ದೂರು’ ಎಂದರೆ ಕ್ರಮ ಜರುಗಿಸಲೆಂದು ಮ್ಯಾಜಿಸ್ಟ್ರೇಟರ ಮುಂದೆ ಬಾಯಿಮಾತಿನಲ್ಲೋ ಬರಹದಲ್ಲೋ ಮಾಡುವ ಆಪಾದನೆ. 173ನೇ ಕಲಮಿನಡಿ ಠಾಣೆಗೆ ಕೊಡುವುದು ಅಪರಾಧದ ‘ಮಾಹಿತಿ’. ಕೊಡುವವನು ಪೆಟ್ಟು ತಿಂದವನೇ ಆಗಬೇಕಿಲ್ಲ, ಕಂಡ ದಾರಿಹೋಕನಾದರೂ ಸರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದೇ ಭೇದವಿತ್ತು. ಹಾಗಾಗಿ ಠಾಣೆಯವರು ಪಿರ್ಯಾದಿದಾರ ಎನ್ನುವವನು ಕಾನೂನಿನ ಕಣ್ಣಿಗೆ ಬರೀ ಮಾಹಿತಿದಾರ.

ನಿಜವಾದ ಪಿರ್ಯಾದಿ ಸಿಗುವುದು ಚೆಕ್ ಬೌನ್ಸ್ ಪ್ರಕರಣದಲ್ಲಿ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಪರಾಧಕ್ಕೆ, ಚೆಕ್ಕಿನ ಹಣ ಸಿಗಬೇಕಾದವನೇ ಲಿಖಿತ ದೂರು ಹಿಡಿದು ಕೋರ್ಟಿಗೆ ಬರಬೇಕು. ವಕೀಲರೂ ಅವನವರೇ, ಓಡಾಟವೂ ಅವನದೇ. ಕೊಲೆ ಪ್ರಕರಣದಲ್ಲಿ ಹಾಗಿಲ್ಲ. ಅಲ್ಲಿ ಆರೋಪಿಯ ಎದುರು ನಿಲ್ಲುವುದು ‘ಕರ್ನಾಟಕ ರಾಜ್ಯ’, ವಾದಿಸುವುದು ಸರ್ಕಾರಿ ಅಭಿಯೋಜಕರು. ರಾತ್ರೋರಾತ್ರಿ ಠಾಣೆಗೆ ಓಡಿ ಮೊರೆಯಿಟ್ಟವನು ಸಾಮಾನ್ಯವಾಗಿ ‘ಪಿ.ಡಬ್ಲ್ಯೂ.1’ ಎಂಬ ಸಾಕ್ಷಿಯಾಗಿ ಕಟಕಟೆ ಹತ್ತಿ ಇಳಿಯುತ್ತಾನೆ. ಫರ್ಯಾದಿನ ಕೂಗು ಅಷ್ಟರಲ್ಲಿ ಹೇಳಿಕೆಯಾಗಿರುತ್ತದೆ.

ಸಿವಿಲ್ ದಾವೆಯಲ್ಲಿ ಪಿರ್ಯಾದಿಗೆ ಜಾಗವಿಲ್ಲ. ಅಲ್ಲಿರುವವರು ವಾದಿ, ಪ್ರತಿವಾದಿ. ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಮಿತಾಕ್ಷರಾ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಇವರು ಅರ್ಥಿ, ಪ್ರತ್ಯರ್ಥಿ. ಅರ್ಥಿ ಹೇಳಿದ್ದನ್ನು ಪ್ರತ್ಯರ್ಥಿಯ ಎದುರಿನಲ್ಲೇ ಬರೆದುಕೊಳ್ಳಬೇಕು ಎಂಬುದು ಅಲ್ಲಿನ ವಿಧಿ. ಅರ್ಥಿ ಎಂದರೆ ಬೇಡುವವನು, ಬಯಸುವವನು. ಕೋರ್ಟು ಬಿಟ್ಟ ಆ ಪದ ಈಗ ವಿದ್ಯಾರ್ಥಿ, ಅಭ್ಯರ್ಥಿಗಳ ಬಾಲದಲ್ಲಿದೆ.

ಪತ್ರಿಕೆಗಳು ಪಿರ್ಯಾದಿಯನ್ನು ಹೆಚ್ಚುಕಡಿಮೆ ಕೈಬಿಟ್ಟು ‘ದೂರುದಾರ’ ಎನ್ನುತ್ತವೆ. ಅದರಲ್ಲಿ ದೂರು ಕನ್ನಡದ್ದು, ‘ದಾರ’ ಮಾತ್ರ ಪಾರ್ಸಿಯದೇ.